ಜೆ.ಡಿ.ಯ ಮೊದಲ ಡೋಸ್

ಕೀಮೋಥೆರಪಿಯ ಚರಿತ್ರೆ ಅಂದ ತಕ್ಷಣ ಎಲ್ಲರೂ ಹೇಳೋದು ಇಟಲಿಯ ಬಾರಿ ಬಂದರಿನ ಕತೆ. 1943ರ ಡಿಸೆಂಬರ್ 2ರ ರಾತ್ರಿ ಜರ್ಮನ್ ವಿಮಾನಗಳು ಬಾಂಬ್ ಹಾಕಿದವು, ಜಾನ್ ಹಾರ್ವೆ ಎಂಬ ಅಮೆರಿಕನ್ ಹಡಗಿನಲ್ಲಿ ಗುಟ್ಟಾಗಿ ತುಂಬಿದ್ದ ಮಸ್ಟರ್ಡ್ ಬಾಂಬುಗಳು ಸೋರಿದವು, ಗಾಯಾಳುಗಳ ರಕ್ತದಲ್ಲಿ ಬಿಳಿ ಕಣಗಳು ಕುಸಿದವು, ಅದನ್ನು ನೋಡಿ ಕ್ಯಾನ್ಸರಿಗೆ ಮದ್ದು ಹೊಳೆಯಿತು... ಸಿನಿಮಾಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಒಂದೇ. ಆ ಹೊತ್ತಿಗೆ ಮೊದಲ ಕೀಮೋ ತಗೊಂಡ ರೋಗಿ ತೀರಿಕೊಂಡು ಒಂದು ವರ್ಷ ಆಗಿತ್ತು.

ಆತನ ಹೆಸರಲ್ಲಿ ನಮಗೆ ಸಿಕ್ಕಿರೋದು ಎರಡೇ ಅಕ್ಷರ: ಜೆ.ಡಿ. ಪೋಲೆಂಡಿನಿಂದ ಅಮೆರಿಕಕ್ಕೆ ಹೋಗಿ ಬಾಲ್ ಬೇರಿಂಗ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. 1940ರಲ್ಲಿ ಗಂಟಲ ನೋವು ಶುರುವಾಯಿತು. ಲಿಂಫೋಸಾರ್ಕೋಮಾ ಅಂದರು. ಯೇಲ್‌ನ ವೈದ್ಯರು ವಿಕಿರಣ ಕೊಟ್ಟಾಗ ಗಡ್ಡೆ ಮೊದಲು ಕರಗಿತು, ಆಮೇಲೆ ಜಗ್ಗಲಿಲ್ಲ. 1942ರ ಆಗಸ್ಟಿನಲ್ಲಿ ನುಂಗೋದು, ನಿದ್ದೆ ಮಾಡೋದು, ಉಸಿರಾಡೋದು ಎಲ್ಲವೂ ಕಷ್ಟ.

ಅದೇ ಯೇಲ್‌ನಲ್ಲಿ ಲೂಯಿಸ್ ಗುಡ್‌ಮನ್ ಮತ್ತು ಆಲ್‌ಫ್ರೆಡ್ ಗಿಲ್ಮನ್ (ಫಾರ್ಮಕಾಲಜಿ ಓದಿದವರಿಗೆ ಈ ಜೋಡಿಯ ದಪ್ಪ ಪುಸ್ತಕ ಗೊತ್ತಿರುತ್ತೆ) ಯುದ್ಧದ ಕೆಲಸವಾಗಿ ನೈಟ್ರೋಜನ್ ಮಸ್ಟರ್ಡ್ ಪರೀಕ್ಷಿಸುತ್ತಿದ್ದರು. ಮೊದಲ ಮಹಾಯುದ್ಧದ ಮಸ್ಟರ್ಡ್ ಅನಿಲದಲ್ಲಿ ಗಂಧಕದ ಬದಲು ನೈಟ್ರೋಜನ್ ಇಟ್ಟರೆ ಇದು. ಆ ಅನಿಲ ಬಿಳಿ ರಕ್ತಕಣ ಕೊಲ್ಲುತ್ತೆ ಅಂತ 1919ರಲ್ಲೇ ಕ್ರಂಭಾರ್ ಬರೆದಿದ್ದರು. ಅಂದರೆ ಸುಳಿವು ಬಾರಿಗೆ ಮುಂಚೆ 24 ವರ್ಷ ಬಿದ್ದಿತ್ತು! ಇವರು ಗಡ್ಡೆಯಿದ್ದ ಇಲಿಗೆ ಕೊಟ್ಟು ನೋಡಿದರು, ಗಡ್ಡೆ ಕರಗಿತು. ಸರ್ಜನ್ ಗುಸ್ತಾಫ್ ಲಿಂಡ್‌ಸ್ಕಾಗ್ ಜೆ.ಡಿ.ಗೆ ಕೊಡಲು ಒಪ್ಪಿದರು.

ಕಳೆದ ವರ್ಷ ನಮ್ಮ ದೊಡ್ಡಮ್ಮನಿಗೆ ಮೊದಲ ಕೀಮೋ ಆದಾಗ ನಾನು ಪಕ್ಕದಲ್ಲಿ ಕೂತಿದ್ದೆ. ಚೀಟಿಯಲ್ಲಿ ಸೈಕ್ಲೋಫಾಸ್ಫಮೈಡ್ ಅಂತಿತ್ತು. ಅದು ಇದೇ ನೈಟ್ರೋಜನ್ ಮಸ್ಟರ್ಡ್ ವಂಶದ್ದು. (ದೊಡ್ಡಮ್ಮನಿಗೆ ಇದನ್ನ ಹೇಳಲಿಲ್ಲ ಬಿಡಿ.) ಮೊದಲು ರಕ್ತಪರೀಕ್ಷೆ, ವಾಂತಿಗೊಂದು ಇಂಜೆಕ್ಷನ್, ಮುಂದಿನ ಡೋಸಿಗೆ 21 ದಿನ ಬಿಡುವು. "ಇಷ್ಟು ದಿನ ಯಾಕೋ ಬಿಡ್ತಾರೆ, ಬೇಗ ಬೇಗ ಕೊಟ್ಟು ಮುಗಿಸಬಾರದಾ?" ಅಂದರು.

ಜೆ.ಡಿ.ಗೆ ಬೇಗ ಬೇಗ ಕೊಟ್ಟಿದ್ದರು. ಆಗಸ್ಟ್ 27ರ ಬೆಳಗ್ಗೆ 10ಕ್ಕೆ ಮೊದಲ ಚುಚ್ಚುಮದ್ದು, ಆಮೇಲೆ ದಿನಕ್ಕೊಂದರಂತೆ ಒಟ್ಟು 10. ಐದನೆಯದರ ಹೊತ್ತಿಗೆ ಆರಾಮ ಕಂಡಿತು. ಊಟ ಇಳಿಯಿತು, ನಿದ್ದೆ ಬಂತು. ಹತ್ತೂ ಮುಗಿದ ಮೇಲೆ ಬಯಾಪ್ಸಿಯಲ್ಲಿ ಗಡ್ಡೆಯೇ ಇಲ್ಲ! ಆದರೆ ಬಿಳಿ ಕಣಗಳ ಜೊತೆ ಪ್ಲೇಟ್‌ಲೆಟ್ಟೂ ಕುಸಿದವು, ಒಸಡಲ್ಲಿ ರಕ್ತ, ಬೇರೆಯವರ ರಕ್ತ ಕೊಡಬೇಕಾಯಿತು. ಮೂಳೆಯ ಮಜ್ಜೆ ಚೇತರಿಸಿಕೊಳ್ಳಲು ದಿನ ಬೇಕು. ಆ 21 ದಿನದ ಲೆಕ್ಕ ಅದೇ. 49ನೇ ದಿನಕ್ಕೆ ಗಡ್ಡೆ ವಾಪಸ್. ಮತ್ತೆ ಮೂರು ದಿನ ಕೊಟ್ಟರು, ಕರಗಿತು, ಮತ್ತೆ ಬಂತು. ಮೂರನೇ ಸಲದ್ದು ಹೆಚ್ಚು ದಿನ ನಿಲ್ಲಲಿಲ್ಲ. 1942ರ ಡಿಸೆಂಬರ್ 1ಕ್ಕೆ, 96ನೇ ದಿನ, ಜೆ.ಡಿ. ಹೋದ.

ಯುದ್ಧದ ಗುಟ್ಟಾದ್ದರಿಂದ 1946ರವರೆಗೆ ಇದು ಅಚ್ಚಾಗಲಿಲ್ಲ. ಬಾರಿಯ ಕತೆ ಮುಂದೆ ಬಂದದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಊಹೆ. ಕೊನೆಗೆ ಯೇಲ್‌ನ ಇಬ್ಬರು ಸರ್ಜನ್‌ಗಳು, ಜಾನ್ ಫೆನ್ ಮತ್ತು ರಾಬರ್ಟ್ ಉಡೆಲ್ಸ್‌ಮನ್, ಜೆ.ಡಿ.ಯ ಹಳೇ ಕೇಸ್ ಫೈಲ್ ಹುಡುಕಿ ತೆಗೆದು 2011ರಲ್ಲಿ ಪ್ರಕಟಿಸಿದರು. ಅದರಲ್ಲಿ ನೈಟ್ರೋಜನ್ ಮಸ್ಟರ್ಡ್ ಅನ್ನೋ ಪದ ಎಲ್ಲೂ ಇಲ್ಲ. ಮದ್ದಿನ ಹೆಸರಿನ ಜಾಗದಲ್ಲಿ 'ಎಕ್ಸ್'.