ತಗ್ಗಿನ ಆಸನ, ಬಿಗಿದ ಮೀನಖಂಡ: ಸ್ಪೋರ್ಟ್ಸ್ ಕಾರಿನ ಚಾಲನಾ ಭಂಗಿಯೂ ಕಾಲುನೋವೂ

ಸ್ಪೋರ್ಟ್ಸ್ ಕಾರಿನಲ್ಲಿ ದೂರದ ದಾರಿ ಓಡಿಸಿದವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಹೆದ್ದಾರಿಯಲ್ಲಿ ಗಂಟೆ, ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಬಲಗಾಲಿನ ಮೀನಖಂಡ ಬಿಗಿಯುತ್ತದೆ, ಕಣಕಾಲಿನ ಮುಂಭಾಗ ಉರಿಯುತ್ತದೆ, ತೊಡೆಯ ಹಿಂಬದಿ ಜೋಮು ಹಿಡಿಯುತ್ತದೆ. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಅರ್ಧ ನೋವು ಹೋಗಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಕಾರಣಗಳು ಎರಡು: ಸೀಟು ಗಟ್ಟಿ, ಇಲ್ಲವೇ ಸೀಟು ತೀರಾ ತಗ್ಗು. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ನೋವಿನ ಬೇರನ್ನು ಕೂತ ಜಾಗದಲ್ಲಿ ಹುಡುಕುವ ಮೊದಲು ಹಿಮ್ಮಡಿ ಊರಿದ ಜಾಗದಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ. ಚಾಲಕನ ಪಾದ ಎಲ್ಲಿರಬೇಕೆಂಬುದನ್ನು ಕಾರಿನ ಮುಂಚಕ್ರ ಮತ್ತು ಚಾಸಿ ಮೊದಲೇ ತೀರ್ಮಾನಿಸಿರುತ್ತವೆ. ಮೇಲಿನ ಕೀಲುಗಳೆಲ್ಲ ಆ ತೀರ್ಮಾನಕ್ಕೆ ಹೊಂದಿಕೊಳ್ಳುತ್ತವೆ.

ವಾಹನ ವಿನ್ಯಾಸದಲ್ಲಿ ಚಾಲಕನ ಕೆಳಗಿನ ದೇಹವನ್ನು ಮುಖ್ಯವಾಗಿ ಎರಡು ಬಿಂದುಗಳಿಂದ ಗುರುತಿಸುತ್ತಾರೆ. ಸೊಂಟದ ಕೀಲಿನ ಸ್ಥಾನವನ್ನು ಸೂಚಿಸುವ ಎಚ್-ಪಾಯಿಂಟ್ ಒಂದು. ಆಕ್ಸಿಲರೇಟರ್ ಮೇಲೆ ಪಾದವಿಟ್ಟಾಗ ಹಿಮ್ಮಡಿ ನೆಲಕ್ಕೆ ತಾಗುವ ಬಿಂದು ಇನ್ನೊಂದು. ಇವೆರಡರ ನಡುವಿನ ಲಂಬ ಅಂತರವನ್ನು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ತನ್ನ ಜೆ1100 ಮಾನಕದಲ್ಲಿ ಎಚ್30 ಎಂದು ಕರೆಯುತ್ತದೆ. ಕಾರುಗಳ ವರ್ಗಕ್ಕೆ ಇದರ ಮೇಲ್ಮಿತಿ 405 ಮಿ.ಮೀ.; ಅದಕ್ಕಿಂತ ಹೆಚ್ಚಾದರೆ ಲಾರಿ, ಬಸ್ಸುಗಳ ಲೆಕ್ಕ. ಮನೆಮಂದಿ ಕೂರುವ ಸೆಡಾನಿನಲ್ಲಿ ಇದು ಸುಮಾರು 250 ಮಿ.ಮೀ. ಆಸುಪಾಸು ಇದ್ದರೆ, ಸ್ಪೋರ್ಟ್ಸ್ ಕಾರಿನಲ್ಲಿ 150 ಮಿ.ಮೀ.ಗೂ ಇಳಿಯಬಹುದು. ಅಂದರೆ ಕುರ್ಚಿಯಲ್ಲಿ ಕೂರುವ ಭಂಗಿ ಮಾಯವಾಗಿ, ನೆಲದ ಮೇಲೆ ಗೋಡೆಗೊರಗಿ ಕಾಲು ಚಾಚಿದ ಭಂಗಿ ಬರುತ್ತದೆ.

ಈ ಭಂಗಿ ಬೆನ್ನಿಗೆ ಕೆಟ್ಟದ್ದೇ? ಹಾಗೇನೂ ಇಲ್ಲ. ನೆಬ್ರಾಸ್ಕಾದ ನರಶಸ್ತ್ರವೈದ್ಯ ಜೆ. ಜೇ ಕೀಗನ್ 1953ರಲ್ಲಿ ಎಕ್ಸ್‌ರೇ ಚಿತ್ರಗಳ ಆಧಾರದ ಮೇಲೆ, ಮುಂಡಕ್ಕೂ ತೊಡೆಗೂ ಸುಮಾರು 135 ಡಿಗ್ರಿ ಕೋನವಿದ್ದಾಗ ಸೊಂಟದ ಬೆನ್ನೆಲುಬು ತನ್ನ ಸಹಜ ಬಾಗುವಿಕೆಯಲ್ಲಿರುತ್ತದೆ ಎಂದು ತೋರಿಸಿದರು. 1970ರ ದಶಕದಲ್ಲಿ ಸ್ವೀಡನ್ನಿನ ಗುನ್ನಾರ್ ಆಂಡರ್ಸನ್, ಆಲ್ಫ್ ನಾಕೆಮ್ಸನ್ ಮತ್ತು ಸಂಗಡಿಗರು ಬೆನ್ನೆಲುಬಿನ ಡಿಸ್ಕಿನೊಳಗಿನ ಒತ್ತಡವನ್ನೇ ನೇರವಾಗಿ ಅಳೆದರು. ಬೆನ್ನೊರಗು ಹಿಂದಕ್ಕೆ ವಾಲಿದಷ್ಟೂ, ಸೊಂಟಕ್ಕೆ ಆಸರೆ ಸಿಕ್ಕಷ್ಟೂ ಆ ಒತ್ತಡ ಇಳಿಯುತ್ತಿತ್ತು. ಕಾರಿನ ಸೀಟಿನ ಮೇಲೆ ನಡೆಸಿದ ಅಳತೆಯಲ್ಲಿ ಅವರು ಇನ್ನೊಂದು ಸಂಗತಿಯನ್ನೂ ಕಂಡರು: ಕ್ಲಚ್ ಒತ್ತಿದಾಗ ಒತ್ತಡ ಏರುತ್ತದೆ. ಒರಗಿ ಕೂರುವುದರಿಂದ ಬೆನ್ನಿಗೆ ಸಿಕ್ಕ ಲಾಭವನ್ನು ಪೆಡಲು ಒತ್ತುವ ಕಾಲು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಪಡೆಯುತ್ತದೆ ಎಂದು ಇದನ್ನು ಓದಬಹುದು. ಸಂಶೋಧಕರು ಬೆನ್ನಿಗೆ ಕೊಟ್ಟಷ್ಟು ಗಮನವನ್ನು ಕಾಲಿಗೆ ಕೊಡಲಿಲ್ಲವೆಂಬ ಅಸಮಾಧಾನ ನನಗಿದೆ.

ಕಾಲಿನ ಮಟ್ಟಿಗೆ ಇಂದಿಗೂ ಉಲ್ಲೇಖವಾಗುವ ಅಳತೆಗಳು ಫ್ರಾನ್ಸಿನ ರೆಬಿಫೆ 1969ರಲ್ಲಿ ಕೊಟ್ಟವು. ಮುಂಡ ಮತ್ತು ತೊಡೆಯ ನಡುವೆ 95ರಿಂದ 120 ಡಿಗ್ರಿ, ಮಂಡಿಯಲ್ಲಿ 95ರಿಂದ 135, ಹರಡಿನ ಕೀಲಿನಲ್ಲಿ 90ರಿಂದ 110. 1998ರಲ್ಲಿ ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಮಾರ್ಕ್ ಪೋರ್ಟರ್ ಮತ್ತು ಡಯೇನ್ ಗೀ ಅವರು, ಚಾಲಕರು ತಾವಾಗಿಯೇ ಹೊಂದಿಸಿಕೊಂಡ ಭಂಗಿಗಳನ್ನು ಅಳೆದಾಗ ಸೊಂಟದ ಕೋನದಲ್ಲಿ ವ್ಯತ್ಯಾಸ ಕಂಡಿತು. ಮಂಡಿಯ ವ್ಯಾಪ್ತಿ ಮಾತ್ರ ಹೆಚ್ಚೇನೂ ಕದಲಲಿಲ್ಲ. ರೆಬಿಫೆ ಕೊಟ್ಟ ಅಳತೆಗಳಲ್ಲಿ ಹರಡಿನ ವ್ಯಾಪ್ತಿಯೇ ಅತಿ ಕಿರಿದು, ಬರೀ 20 ಡಿಗ್ರಿ. ಸ್ಪೋರ್ಟ್ಸ್ ಕಾರು ಮೊದಲು ಮೀರುವುದೂ ಇದನ್ನೇ.

ಲೆಕ್ಕ ಹಾಕಿ ನೋಡೋಣ. ಅನುಕೂಲಕ್ಕಾಗಿ ಸೊಂಟದಿಂದ ಮಂಡಿಗೂ ಮಂಡಿಯಿಂದ ಹರಡಿಗೂ ತಲಾ 430 ಮಿ.ಮೀ. ಎಂದಿಟ್ಟುಕೊಂಡರೆ, ಮಂಡಿ 120 ಡಿಗ್ರಿಯಲ್ಲಿದ್ದಾಗ ಸೊಂಟದಿಂದ ಹರಡಿಗೆ ನೇರ ದೂರ ಸುಮಾರು 745 ಮಿ.ಮೀ. ಈ ದೂರ 25 ಮಿ.ಮೀ. ಹೆಚ್ಚಿದರೆ ಮಂಡಿ ಸುಮಾರು 7 ಡಿಗ್ರಿ ಬಿಚ್ಚಿಕೊಳ್ಳುತ್ತದೆ. ಕಾಲು ಆಗಲೇ 150 ಡಿಗ್ರಿಯಷ್ಟು ಚಾಚಿದ್ದರೆ, ಅದೇ 25 ಮಿ.ಮೀ. ಮುಂದಕ್ಕೆ ಬಂದಾಗ ಮಂಡಿ ಸುಮಾರು 11 ಡಿಗ್ರಿ ಮಡಿಚುತ್ತದೆ. ಎತ್ತರದ ಸೀಟಿನಲ್ಲಿ ಸೊಂಟದಿಂದ ಹರಡಿಗೆ ಎಳೆದ ಗೆರೆ ಓರೆಯಾಗಿರುವುದರಿಂದ ಸೀಟು ಸರಿಸಿದ್ದರಲ್ಲಿ ಒಂದು ಪಾಲು ಮಾತ್ರ ಕಾಲಿಗೆ ಮುಟ್ಟುತ್ತದೆ. ತಗ್ಗಿನ ಸೀಟಿನಲ್ಲಿ ಆ ಗೆರೆ ಬಹುಪಾಲು ಅಡ್ಡಕ್ಕೇ ಇರುವುದರಿಂದ ಸೀಟು ಸರಿದಷ್ಟೂ ಕಾಲಿಗೇ ಬರುತ್ತದೆ. ಸೆಡಾನಿನಲ್ಲಿ ಸೀಟಿನ ಹಳಿಯ ಒಂದು ಹಲ್ಲು ಆಚೀಚೆಯಾದರೆ ಗೊತ್ತೇ ಆಗದವರು ಸ್ಪೋರ್ಟ್ಸ್ ಕಾರಿನಲ್ಲಿ ಅದೇ ಒಂದು ಹಲ್ಲಿಗಾಗಿ ಪೇಚಾಡುವುದು ಇದರಿಂದ.

ಈ ಜ್ಯಾಮಿತಿ ರೇಸಿನ ಕಣದಿಂದ ಬಂತು. 1962ರಲ್ಲಿ ಕಾಲಿನ್ ಚಾಪ್‌ಮನ್‌ರ ಲೋಟಸ್ 25 ಕಾರು ಜಿಮ್ ಕ್ಲಾರ್ಕ್‌ರನ್ನು ಮಲಗಿದಂತೆ ಕೂರಿಸಿತು. ಎದುರುಗಾಳಿಗೆ ಒಡ್ಡಿಕೊಳ್ಳುವ ಮೈ ಕಡಿಮೆ, ಭಾರದ ಕೇಂದ್ರವೂ ತಗ್ಗು. ರೇಸಿನಲ್ಲಿ ಅದು ಸರಿಯಾಗಿತ್ತು. ಕಾಕ್‌ಪಿಟ್ಟನ್ನು ಒಬ್ಬನ ಮೈಯಳತೆಗೇ ಹೊಂದಿಸುತ್ತಿದ್ದರು, ರೇಸು ಎರಡು ಗಂಟೆಯ ಆಚೀಚೆ ಮುಗಿಯುತ್ತಿತ್ತು, ಬಲಗಾಲು ಒಂದೇ ಸ್ಥಿತಿಯಲ್ಲಿ ನಿಲ್ಲುವ ಪ್ರಮೇಯವೇ ಕಡಿಮೆ. ಮೈಯಳತೆ ತಪ್ಪಿದರೆ ಅಲ್ಲೂ ಕಷ್ಟವೇ: 1995ರಲ್ಲಿ ನೈಜೆಲ್ ಮ್ಯಾನ್ಸೆಲ್ ಮೆಕ್‌ಲಾರೆನ್ ಕಾಕ್‌ಪಿಟ್ಟಿನಲ್ಲಿ ಹಿಡಿಸದೆ ಮೊದಲ ಎರಡು ರೇಸು ಬಿಡಬೇಕಾಯಿತು, ಚಾಸಿಯನ್ನೇ ಅಗಲಿಸಬೇಕಾಯಿತು. 1967ರ ಲೆ ಮಾನ್‌ನಲ್ಲಿ ಎ.ಜೆ. ಫಾಯ್ಟ್‌ರೊಡನೆ ಗೆದ್ದ ನೀಳಕಾಯದ ಡ್ಯಾನ್ ಗರ್ನಿಯ ಹೆಲ್ಮೆಟ್ಟಿಗಾಗಿ ಫೋರ್ಡ್ ಕಾರಿನ ಚಾವಣಿಯಲ್ಲೇ ಒಂದು ಗುಬುಟು ಎಬ್ಬಿಸಿದ್ದರು. ರಸ್ತೆಯ ಸ್ಪೋರ್ಟ್ಸ್ ಕಾರು ಈ ಭಂಗಿಯನ್ನು ಎರವಲು ತಂದಿತು, ಮೈಯಳತೆಗೆ ಹೊಂದಿಸುವ ಕೆಲಸವನ್ನು ಬಿಟ್ಟುಬಂದಿತು.

ಎಂಜಿನ್ ಬೆನ್ನ ಹಿಂದೆ ಬಂದಾಗ ತೊಡಕು ಹೆಚ್ಚಿತು. ಎಂಜಿನ್ನಿಗೆ ಜಾಗ ಬಿಡಲು ಕ್ಯಾಬಿನ್ ಮುಂದಕ್ಕೆ ಸರಿದು ಚಾಲಕನ ಪಾದಗಳು ಮುಂಚಕ್ರಗಳ ನಡುವೆ ಬಂದವು. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಒಳಕ್ಕೆ ಹೊರಳಲು ಬೇಕಾದ ಕಮಾನು ಪೆಡಲುಗಳನ್ನು ಕಾರಿನ ನಡುವಿಗೆ ತಳ್ಳಿತು. ಲ್ಯಾಂಬೋರ್ಗಿನಿ ಕೌಂಟಾಶ್ ಇದಕ್ಕೆ ಹೆಸರಾದ ಉದಾಹರಣೆ. ಎಂಜಿನ್ ಹಿಂದಿರುವ ಹಳೆಯ ಪೋರ್ಷೆ 911ರಲ್ಲೂ ಪೆಡಲುಗಳು ನಡುವಿನ ಕಡೆಗೆ ಸರಿದಿವೆ. ಸೊಂಟ ನೇರಕ್ಕೆ, ಪಾದ ಓರೆಗೆ. ನಮ್ಮಲ್ಲಿಯಂತೆ ಬಲಗಡೆ ಸ್ಟಿಯರಿಂಗ್ ಇರುವ ಮಾದರಿಗಳಲ್ಲಿ ಪಾದಗಳು ಎಡಕ್ಕೆ ಹೊರಳಿ, ಬಲ ತೊಡೆ ಒಳಕ್ಕೆ ತಿರುಗಿ ನಿಲ್ಲುತ್ತದೆ. ಫಾರ್ಮುಲಾ ಒನ್ 1988ರಿಂದ ಚಾಲಕನ ಪಾದಗಳು ಮುಂದಿನ ಆಕ್ಸಲಿನ ಹಿಂದೆಯೇ ಇರಬೇಕೆಂದು ಕಡ್ಡಾಯ ಮಾಡಿದ್ದು ಅಪಘಾತದಲ್ಲಿ ಕಾಲು ಮುರಿಯದಿರಲೆಂದು. ಕಾಲಿನ ನೆಮ್ಮದಿ ಅಲ್ಲಿ ಯಾರ ಕಾಳಜಿಯೂ ಆಗಿರಲಿಲ್ಲ. ಹಳೆಯ ಇಟಾಲಿಯನ್ ಕಾರುಗಳದು ಬೇರೆಯೇ ಕಥೆ. ಸ್ಟಿಯರಿಂಗ್ ದೂರ, ಪೆಡಲು ಹತ್ತಿರ. ಕೈ ಚಾಚಿ ಮಂಡಿಗಳನ್ನು ಅಗಲಿಸಿ ಓಡಿಸಬೇಕು. ನೀಳ ತೋಳು, ಗಿಡ್ಡ ಕಾಲಿನವರಿಗೆ ಮಾಡಿದ ಕಾರುಗಳೆಂಬ ಗೇಲಿ ಅವುಗಳಿಗೆ ಅಂಟಿಕೊಂಡೇ ಬಂದಿದೆ.

ಇನ್ನು ಬಲಪಾದದ ಕೆಲಸ. ಎತ್ತರದ ಸೀಟಿನಲ್ಲಿ ಕೂತಾಗ ಕಣಕಾಲು ಸಾಕಷ್ಟು ನಿಗುರಿ ನಿಂತಿರುತ್ತದೆ. ಓರೆಯಾದ ಆಕ್ಸಿಲರೇಟರ್ ಮೇಲೆ ಪಾದವಿಟ್ಟರೆ ಹರಡಿನ ಕೋನ 90ರಿಂದ 100ರ ಒಳಗೆ ತಾನಾಗಿ ಬರುತ್ತದೆ. ಸೀಟು ತಗ್ಗಿದಾಗ ಕಣಕಾಲು ನೆಲದ ಕಡೆಗೆ ಮಲಗುತ್ತದೆ. ಆಗ ಪೆಡಲೂ ಅಷ್ಟೇ ನಿಗುರಿ ನಿಲ್ಲಬೇಕು. ಹಾಗಾಗದಿದ್ದರೆ ಪಾದ ಮುಂದಕ್ಕೆ ಬಾಗಿ ಮೀನಖಂಡದ ಸ್ನಾಯುಗಳು ಕುಗ್ಗಿದ ಸ್ಥಿತಿಯಲ್ಲೇ ದುಡಿಯಬೇಕಾಗುತ್ತದೆ. ಮೇಲ್ಪದರದ ಗ್ಯಾಸ್ಟ್ರೋಕ್ನೀಮಿಯಸ್ ಮಂಡಿಯನ್ನೂ ಹರಡನ್ನೂ ದಾಟುವ ಸ್ನಾಯು. ಮಂಡಿಯೂ ಮಡಿಚಿದ್ದರೆ ಅದು ಎರಡೂ ತುದಿಯಿಂದ ಸಡಿಲಗೊಳ್ಳುತ್ತದೆ, ಹೊರೆ ಕೆಳಪದರದ ಸೋಲಿಯಸ್ ಮೇಲೆ ಬೀಳುತ್ತದೆ. ಪಾದದ ಭಾರವೇ ಪೆಡಲನ್ನು ಬೇಕಾದ್ದಕ್ಕಿಂತ ಹೆಚ್ಚು ಒತ್ತುವಂತಿದ್ದರೆ, ಅದನ್ನು ಹಿಂದಕ್ಕೆ ಎಳೆದು ಹಿಡಿಯುವ ಕೆಲಸ ಕಣಕಾಲಿನ ಮುಂಭಾಗದ ಟಿಬಿಯಾಲಿಸ್ ಆಂಟೀರಿಯರ್‌ನದು. ಮೀನಖಂಡ ಬಿಗಿಯಿತು ಎನ್ನುವವರೂ ಕಣಕಾಲು ಉರಿಯಿತು ಎನ್ನುವವರೂ ಒಂದೇ ಪೆಡಲಿನ ಎರಡು ತಪ್ಪು ಕೋನಗಳನ್ನು ವರ್ಣಿಸುತ್ತಿದ್ದಾರೆ.

ಇಷ್ಟು ಸಣ್ಣ ಬಲಕ್ಕೆ ಸ್ನಾಯು ಯಾಕೆ ಸೋಲಬೇಕು? ಸ್ನಾಯು ಕಡಿಮೆ ಬಲ ಹಾಕುವಾಗ ಸಣ್ಣ ಘಟಕಗಳನ್ನು ಮೊದಲು ಎಬ್ಬಿಸುತ್ತದೆ, ಅವನ್ನೇ ಕೊನೆಗೆ ಬಿಡುತ್ತದೆ. ಬಲ ಎಷ್ಟೇ ಕಡಿಮೆಯಿರಲಿ, ಆ ಘಟಕಗಳಿಗೆ ಮಾತ್ರ ವಿರಾಮವಿಲ್ಲ. 1991ರಲ್ಲಿ ಸ್ವೀಡನ್ನಿನ ಯೊರಾನ್ ಹೆಗ್ ಇದಕ್ಕೆ ಸಿಂಡರೆಲಾ ಕಲ್ಪನೆ ಎಂದು ಹೆಸರಿಟ್ಟರು. ಅದು ಹೆಚ್ಚು ಚರ್ಚೆಯಾದದ್ದು ಕಚೇರಿ, ಕಾರ್ಖಾನೆಗಳ ಕೆಲಸಗಾರರ ಹೆಗಲು ನೋವಿನ ವಿಷಯದಲ್ಲಿ. ಒಂದೇ ವೇಗದಲ್ಲಿ ಹೆದ್ದಾರಿ ಸವೆಸುವ ಬಲಗಾಲಿಗೂ ಹೊಂದುತ್ತದೆಂಬುದು ನನ್ನ ಅಭಿಪ್ರಾಯ. ಸೆಳೆತದ ವಿಷಯದಲ್ಲಿ ದಕ್ಷಿಣ ಆಫ್ರಿಕಾದ ಮಾರ್ಟಿನ್ ಶ್ವೆಲ್ನಸ್ 1997ರಲ್ಲಿ ಮಂಡಿಸಿದ ವಿವರಣೆ ನೆರವಿಗೆ ಬರುತ್ತದೆ. ದಣಿದ ಸ್ನಾಯುವಿನಲ್ಲಿ ಸಂಕೋಚನವನ್ನು ಹೆಚ್ಚಿಸುವ ಸಂಕೇತಗಳು ಏರುತ್ತವೆ, ಅದನ್ನು ತಡೆಯುವ ಸ್ನಾಯುರಜ್ಜುವಿನ ಸಂಕೇತಗಳು ಇಳಿಯುತ್ತವೆ. ಸ್ನಾಯು ಕುಗ್ಗಿದ ಸ್ಥಿತಿಯಲ್ಲಿ ದುಡಿಯುತ್ತಿದ್ದರೆ ಸೆಳೆತದ ಸಾಧ್ಯತೆ ಇನ್ನೂ ಹೆಚ್ಚು. ಅವರು ಹೇಳಿದ್ದು ಓಟಗಾರರ ಬಗ್ಗೆ. ಆದರೆ ಪೆಡಲಿನ ಮೇಲಿನ ಪಾದವೂ ಇದೇ ಷರತ್ತುಗಳನ್ನು ಪೂರೈಸುತ್ತಿರುತ್ತದೆ. ಸೆಳೆತ ಬಂದಾಗ ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆದರೆ ಬಿಡುವುದೂ ಈ ಕಾರಣಕ್ಕೇ. ಕಿರಿದಾದ ಕಾಲ್ಗುಳಿಯಲ್ಲಿ ಹಾಗೆ ಎಳೆಯಲು ಜಾಗವೇ ಇರುವುದಿಲ್ಲ ಎಂಬುದು ಬೇರೆ ಮಾತು. ಮೆಗ್ನೀಷಿಯಂ ಮಾತ್ರೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ವಯಸ್ಸಾದವರ ಸ್ನಾಯು ಸೆಳೆತ ತಡೆಯಲು ಅದರಿಂದ ಗಣನೀಯ ಉಪಯೋಗವಾಗುವುದು ಅನುಮಾನವೆಂದು ಕಾಕ್ರೇನ್ ಪರಾಮರ್ಶೆ ಹೇಳಿದೆ.

ತಪ್ಪು ಜಾಗದಲ್ಲಿ ಪರಿಹಾರ ಹುಡುಕುವುದಕ್ಕೆ ಒಳ್ಳೆಯ ನಿದರ್ಶನ ಮಾಜ್ದಾ ಎಂಎಕ್ಸ್-5. 1989ರಲ್ಲಿ ಬಂದ ಮೊದಲ ಪೀಳಿಗೆಯಲ್ಲಿ ಸ್ಟಿಯರಿಂಗನ್ನು ಎತ್ತರಿಸಲೂ ಬರುತ್ತಿರಲಿಲ್ಲ, ಹತ್ತಿರಕ್ಕೆ ಎಳೆಯಲೂ ಬರುತ್ತಿರಲಿಲ್ಲ. ತಲೆ ಟಾಪಿಗೆ ತಾಗುವ ಎತ್ತರದವರು ಒಂದು ಉಪಾಯ ಕಂಡುಕೊಂಡರು. ಸೀಟಿನ ಹೊದಿಕೆ ಬಿಚ್ಚಿ, ಅಂಚಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು, ಅಡುಗೆಮನೆಯ ವಿದ್ಯುತ್ ಚಾಕುವಿನಿಂದ ಫೋಮನ್ನು ಹೋಳು ಹೋಳಾಗಿ ಕೊಯ್ದು ತೆಗೆಯುವುದು. ತಲೆಗೆ ಜಾಗ ಸಿಗುತ್ತದೆ, ನಿಜ. ಆದರೆ ಸೊಂಟ ಇಳಿದಷ್ಟೂ ಎಚ್30 ಇಳಿಯುತ್ತದೆ, ಕಣಕಾಲು ಇನ್ನಷ್ಟು ಮಲಗುತ್ತದೆ, ಪೆಡಲಿನ ಕೋನ ಇದ್ದಲ್ಲೇ ಇರುತ್ತದೆ. ಕೊಯ್ದದ್ದು ಪೃಷ್ಠದ ಕೆಳಗೆ ಮಾತ್ರವಾದರೆ ಸೀಟಿನ ಮುಂದಿನ ಅಂಚು ಹಳೆಯ ಎತ್ತರದಲ್ಲೇ ಉಳಿದು ತೊಡೆಯ ಅಡಿಭಾಗವನ್ನು ಒತ್ತತೊಡಗುತ್ತದೆ. ತಲೆಯ ತೊಂದರೆಯನ್ನು ಕಾಲಿಗೆ ವರ್ಗಾಯಿಸಿದಂತಾಯಿತು. ಸ್ಟಿಯರಿಂಗನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಸೌಲಭ್ಯ ಈ ಕಾರಿಗೆ ಸಿಕ್ಕಿದ್ದು ನಾಲ್ಕನೆಯ ಪೀಳಿಗೆಯಲ್ಲಿ, ಅದೂ 2019ರ ಮಾದರಿಯಿಂದ. ಅಲ್ಲಿಯವರೆಗೆ ಕೈಗೆ ಸ್ಟಿಯರಿಂಗ್ ನಿಲುಕಲಿ ಎಂದು ಸೀಟು ಮುಂದೆ ತಂದುಕೊಂಡ ಎಷ್ಟೋ ಚಾಲಕರ ಮಂಡಿ ಸುಮ್ಮನೆ ಮಡಿಚಿಕೊಂಡೇ ಇತ್ತು.

ಹಾಗಾದರೆ ಏನು ಮಾಡಬಹುದು? ಮೊದಲು ಪಾದದಿಂದ ಆರಂಭಿಸಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಚಿರುವಂತೆ ಸೀಟಿನ ದೂರ, ಆಮೇಲೆ ಬೆನ್ನೊರಗು, ಕೊನೆಗೆ ಸ್ಟಿಯರಿಂಗ್. ಹಿಮ್ಮಡಿಯ ಕೆಳಗೆ ನೆಲಕ್ಕೆ ಸ್ಕ್ರೂ ಹಾಕಿ ಭದ್ರಪಡಿಸಿದ ತೆಳುವಾದ ಹಲಗೆ, ಪೆಡಲಿನ ಮುಖ ಮುಂದೆ ಬರುವಂತೆ ಕೂರಿಸಿದ ತಟ್ಟೆ, ಸೀಟಿನ ಮುಂದಿನ ಬೋಲ್ಟುಗಳ ಕೆಳಗೆ ಒಂದೆರಡು ವಾಷರ್: ಸೀಟು ಬದಲಿಸುವ ದುಬಾರಿ ಖರ್ಚಿಗೆ ಮೊದಲು ಇವನ್ನು ನೋಡುವುದು ವಾಸಿ. ಸಡಿಲವಾದ ಚಾಪೆ, ದಿಂಬುಗಳನ್ನು ಪೆಡಲಿನ ಹತ್ತಿರ ತರಲೇಬಾರದು. ಸೀಟಿನಡಿಯಲ್ಲಿ ಏರ್‌ಬ್ಯಾಗಿನ ಸೆನ್ಸರುಗಳಿರುವ ಕಾರುಗಳಲ್ಲಿ ಬೋಲ್ಟಿನ ಕೆಲಸ ತಿಳಿದವರದೇ. ಎಡಪಾದವನ್ನೂ ಮರೆಯಬಾರದು, ಅದಕ್ಕೆ ಒರಗಲು ಗಟ್ಟಿಯಾದ ಜಾಗವಿಲ್ಲದಿದ್ದರೆ ಚಾಲಕ ತನ್ನ ಮೈಯನ್ನು ಬಲತೊಡೆಯಿಂದಲೇ ಸೀಟಿಗೆ ಒತ್ತಿ ಹಿಡಿಯುತ್ತಾನೆ.

ಎಲ್ಲ ಕಾಲುನೋವೂ ಪೆಡಲಿನದಲ್ಲ. ಮಂಡಿಯ ಹೊರಬದಿಯಲ್ಲಿ, ಫಿಬುಲಾ ಮೂಳೆಯ ತಲೆಯ ಬಳಿ ಪೆರೋನಿಯಲ್ ನರ ಚರ್ಮದ ತೀರಾ ಕೆಳಗೇ ಹಾಯುತ್ತದೆ. ಅಲ್ಲಿ ಬಾಗಿಲು ಅಥವಾ ಕನ್ಸೋಲ್ ಒತ್ತುತ್ತಿದ್ದರೆ ಪಾದದ ಮೇಲ್ಭಾಗಕ್ಕೆ ಜೋಮು ಬರುತ್ತದೆ. ಹೆಬ್ಬೆರಳನ್ನು ಮೇಲಕ್ಕೆತ್ತಲು ಬಲ ಸಾಲದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಒಂದೇ ಕಾಲು ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಅನುಮಾನ ಮೊದಲು ಬರಬೇಕು. ಬಹಳ ಹೊತ್ತು ಕೂತದ್ದರಿಂದ ಹೀಗಾಗಬಹುದೆಂದು ವೈದ್ಯ ಜಾನ್ ಹೋಮನ್ಸ್ 1954ರಲ್ಲೇ ಬರೆದರು. ಅವರು ವಿವರಿಸಿದ ಪ್ರಕರಣಗಳಲ್ಲಿ ವಿಮಾನಯಾನದ ಜೊತೆಗೆ ಕಾರಿನ ಪ್ರಯಾಣವೂ ಇತ್ತು.

ವಿನ್ಯಾಸಕಾರರಿಗೆ ಪಾದದ ಮಹತ್ವ ಗೊತ್ತಿಲ್ಲವೆಂದಲ್ಲ. ಹಳೆಯ 911ರ ಪೆಡಲುಗಳು ನೆಲಕ್ಕೇ ಕೀಲು ಹಾಕಿದವು. ಪಾದ ಹಿಮ್ಮಡಿಯ ಸುತ್ತ ತಿರುಗುವ ಕಮಾನು ಮತ್ತು ಪೆಡಲಿನ ಕಮಾನು ಹೆಚ್ಚುಕಡಿಮೆ ಒಂದೇ ಆಗುವುದರಿಂದ ಅಂಗಾಲು ಜಾರುವುದಿಲ್ಲ. 1990ರ ದಶಕದ ಕೊನೆಯಲ್ಲಿ ಬಂದ ಹೊಸ 911 ತೂಗುವ ಪೆಡಲಿಗೆ ಹೋಯಿತು. ಮಾಜ್ದಾ ಈಚಿನ ಕಾರುಗಳಲ್ಲಿ ಆಕ್ಸಿಲರೇಟರನ್ನು ಮತ್ತೆ ನೆಲಕ್ಕೆ ತಂದಿದೆ. 2013ರ ಲಾಫೆರಾರಿಯಲ್ಲೂ 2017ರ ಫೋರ್ಡ್ ಜಿಟಿಯಲ್ಲೂ ಸೀಟು ಕದಲುವುದೇ ಇಲ್ಲ. ಪೆಡಲು ಮತ್ತು ಸ್ಟಿಯರಿಂಗ್ ಚಾಲಕನ ಹತ್ತಿರಕ್ಕೆ ಬರುತ್ತವೆ. ಚಾವಣಿ ತಗ್ಗಿಸುವ ಅನುಕೂಲಕ್ಕೆ ಹೀಗೆ ಮಾಡಿದರೂ ಕಾಲಿನ ದೃಷ್ಟಿಯಿಂದಲೂ ಇದು ಸರಿಯಾದ ಕ್ರಮ. ಆದರೆ ಅಲ್ಲೂ ಪೆಡಲು ಹಿಂದೆ ಮುಂದೆ ಸರಿಯುತ್ತದೆ, ಅಷ್ಟೇ. ಉದ್ದ ಕಾಲಿನವರಿಗೂ ಗಿಡ್ಡ ಕಾಲಿನವರಿಗೂ ಪೆಡಲಿನ ಓರೆ ಬೇರೆ ಬೇರೆ ಬೇಕು, ಹಿಮ್ಮಡಿ ಊರುವ ಎತ್ತರವೂ ಬೇರೆ ಬೇಕು. ಆ ಎರಡನ್ನು ಹೊಂದಿಸುವ ತಿರುಪನ್ನು ಯಾವ ದುಬಾರಿ ಕಾರಾದರೂ ಕೊಡಬಹುದಿತ್ತು; ತಂತ್ರಜ್ಞಾನದ ಅಡ್ಡಿ ಅದಕ್ಕೇನೂ ಕಾಣುವುದಿಲ್ಲ.