ಮಲಪ್ರಭಾ ಸೀಮೆಯ ಧರ್ಮಜಾಗೃತಿಯೂ ವಿದ್ಯಾಪ್ರಸಾರವೂ

ಹುನಗುಂದ ಸೀಮೆಯ ಕಮತಗಿಯು ನೇಕಾರರ ಊರು. ಇಳಕಲ್ಲ ಸೀರೆಯೆಂದು ನಾಡೆಲ್ಲ ಹೆಸರಾದ ವಸ್ತ್ರವು ಇಲ್ಲಿಯ ಮಗ್ಗಗಳಲ್ಲಿಯೂ ಸಿದ್ಧವಾಗುತ್ತ ಬಂದಿದೆ. ಕೂಡಲಸಂಗಮವು ಇಲ್ಲಿಂದ ಬಹುದೂರವಿಲ್ಲ. 12ನೆಯ ಶತಮಾನದಲ್ಲಿ ಕಾಯಕಕ್ಕೆ ಘನತೆಯನ್ನು ತಂದ ಶರಣರ ಸ್ಮರಣೆಯು ಈ ಸೀಮೆಯಲ್ಲಿ ಅಳಿಯದೆ ಉಳಿದುಬಂದಿತು. ಆದರೂ ಶರಣರ ಮಾತು ಒಂದು ಕಡೆ, ನೇಕಾರನ ಬಾಳು ಇನ್ನೊಂದು ಕಡೆ ಎಂಬಂತೆ ಶತಮಾನಗಳು ಕಳೆದವು. ಇವೆರಡನ್ನೂ ಕೂಡಿಸಲು ಬ್ರಿಟಿಷರ ಆಳಿಕೆಯ ಕಾಲದಲ್ಲಿ ನಡೆದ ಯತ್ನವು ಯಾವ ಬಗೆಯದು, ಅದು ಎಷ್ಟರಮಟ್ಟಿಗೆ ಸಫಲವಾಯಿತು ಎಂಬುದು ವಿಚಾರಾರ್ಹವಾದ ವಿಷಯವು.

ಇಂದಿನ ಬಾಗಲಕೋಟೆ ಜಿಲ್ಲೆಯ ಈ ಭಾಗವು ಅಂದು ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಗೆ ಸೇರಿತ್ತು. 1876ರಿಂದ 1878ರ ವರೆಗಿನ ಘೋರ ಬರಗಾಲವು ಈ ಜಿಲ್ಲೆಯನ್ನು ಹಣ್ಣುಮಾಡಿತು. ಗಿರಣಿಯ ಅಗ್ಗದ ಬಟ್ಟೆ ಸಂತೆಗೆ ಬಂದುದರಿಂದ ಕೈಮಗ್ಗದ ಗಳಿಕೆಯೂ ಅಲುಗಾಡಿತು. ಅದೇ ಕಾಲದಲ್ಲಿ ಕಚೇರಿ, ನ್ಯಾಯಾಲಯ, ಶಾಲೆಗಳು ಹೊಸ ಜೀವನೋಪಾಯಗಳಾದವು. ಆದರೆ ಅವುಗಳ ಬಾಗಿಲು ಓದುಬರಹ ಬಲ್ಲವರಿಗೆ ಮಾತ್ರ ತೆರೆದಿದ್ದಿತು. ಲೆಕ್ಕಪತ್ರದ ವೃತ್ತಿಯು ವಂಶಪರಂಪರೆಯಾಗಿ ಬಂದ ಮನೆತನಗಳು ಆ ಬಾಗಿಲನ್ನು ಬೇಗನೆ ಪ್ರವೇಶಿಸಿದವು. ಒಕ್ಕಲಿಗ, ವ್ಯಾಪಾರಿ, ನೇಕಾರರ ಮಕ್ಕಳು ಹೊರಗೇ ಉಳಿದರು. ಡೆಪ್ಯುಟಿ ಚನ್ನಬಸಪ್ಪನವರು (1834–1881) ವಿದ್ಯಾಖಾತೆಯಲ್ಲಿದ್ದು ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳಿಗಾಗಿ ಶ್ರಮಿಸಿ ದಾರಿಯನ್ನೇನೋ ತೆರೆದರು. ಆ ದಾರಿಯಲ್ಲಿ ಬಡವರ ಮಕ್ಕಳನ್ನು ನಡೆಯಿಸುವ ಶಕ್ತಿ ಬೇರೆ ಕಡೆಯಿಂದ ಬರಬೇಕಾಯಿತು.

ಅದು ಮಠಗಳಿಂದ ಬಂದಿತು. ಹಾನಗಲ್ಲ ಕುಮಾರಸ್ವಾಮಿಗಳ (1867–1930) ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನವು ನೆರೆಯಿತು. ಅದರ ಅಧ್ಯಕ್ಷರಾಗಿದ್ದ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು; ಅವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟಿದ್ದರು. ಅದೇ ವರ್ಷ ಬಾಗಲಕೋಟೆಯಲ್ಲಿ ಬೀಳೂರ ಗುರುಬಸವ ಸ್ವಾಮಿಗಳ ಆಶ್ರಯದಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿತು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವು ಸ್ಥಾಪಿತವಾಯಿತು. 1910ರಲ್ಲಿ ವಿಜಾಪುರದಲ್ಲಿಯೂ 1916ರಲ್ಲಿ ಬೆಳಗಾವಿಯಲ್ಲಿಯೂ ವಿದ್ಯಾಸಂಸ್ಥೆಗಳು ತಲೆಯೆತ್ತಿದವು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಬಡ ವಿದ್ಯಾರ್ಥಿಗಳಿಗೆ ಊಟವಸತಿಯ ಪ್ರಸಾದನಿಲಯವನ್ನು ನಡೆಯಿಸಿದರು. ಕಾಣಿಕೆಯಾಗಿ ಮಠಕ್ಕೆ ಬಂದ ಜೋಳವು ಹುಡುಗರ ರೊಟ್ಟಿಯಾಯಿತು. ಆ ಹುಡುಗರೇ ಮುಂದೆ ಶಿಕ್ಷಕರೂ ವಕೀಲರೂ ಆದರು.

ಶಾಲೆಯ ಜೊತೆಗೆ ಮುದ್ರಣಾಲಯವೂ ಕೆಲಸಮಾಡಿತು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಕಲಿತು, ವಿಜಾಪುರದಲ್ಲಿ ವಕೀಲಿ ಮಾಡುತ್ತ, ವಚನಗಳ ತಾಡವೋಲೆಗಳನ್ನು ಹುಡುಕಿ ಕೂಡಿಸಿದರು. 1923ರಲ್ಲಿ ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಹೊರಬಿದ್ದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವೂ 1926ರಲ್ಲಿ 'ಶಿವಾನುಭವ' ಪತ್ರಿಕೆಯೂ ಆರಂಭವಾದವು. ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಪಾಠವನ್ನು ನಿಶ್ಚಯಿಸಿ, ವಿಷಯವಾರು ವಿಂಗಡಿಸುವ ಕ್ರಮವು ಹೊಸ ವಿದ್ಯೆಯ ಕೊಡುಗೆ. ಹೀಗೆ ಪ್ರಕಟವಾದುದು ಹಳೆಯ ಅನುಭಾವ. ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯರ ಮಾತುಗಳು ಅಚ್ಚಾಗಿ ಬಂದಾಗ, ತನ್ನ ಕಸುಬಿನವನೊಬ್ಬನು ಧರ್ಮವನ್ನು ನುಡಿದಿದ್ದನೆಂದು ನೇಕಾರನು ಓದಿ ತಿಳಿಯಬಹುದಾಯಿತು. ಬನವಾಸಿಯ ಬಡಮನೆಯಲ್ಲಿ ಹುಟ್ಟಿ ಶಿಕ್ಷಕರಾಗಿದ್ದ ಹರ್ಡೇಕರ ಮಂಜಪ್ಪನವರು (1886–1947) 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಮುಂದೆ ಕೃಷ್ಣೆಯ ದಂಡೆಯ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಕಟ್ಟಿದರು.

ಭಕ್ತಿಯೂ ವಿಚಾರವೂ ಹೀಗೆ ಕೈಗೂಡಿಸಿದ ಸಂಗತಿಯು ಅನ್ಯದೇಶಗಳ ಇತಿಹಾಸದಲ್ಲಿಯೂ ಕಾಣುತ್ತದೆ. ಅಮೇರಿಕೆಯು ಇನ್ನೂ ಇಂಗ್ಲಿಷರ ವಸಾಹತಾಗಿದ್ದ 18ನೆಯ ಶತಮಾನದಲ್ಲಿ ಜಾರ್ಜ ವಿಟ್‌ಫೀಲ್ಡನೆಂಬ ಉಪದೇಶಕನು ಬಯಲಿನಲ್ಲಿ ನಿಂತು ಮಾತಾಡಿ ಸಾವಿರಾರು ಜನರ ಅಂತಃಕರಣವನ್ನು ಕಲಕಿದನು. ಆ ಜಾಗೃತಿಯ ಅನುಯಾಯಿಗಳೇ 1746ರಲ್ಲಿ, ಇಂದು ಪ್ರಿನ್ಸ್‌ಟನ್ ಎಂದು ಪ್ರಸಿದ್ಧವಾದ ಕಾಲೇಜನ್ನು ಸ್ಥಾಪಿಸಿದರು. ವಿಟ್‌ಫೀಲ್ಡನ ಉಪದೇಶಗಳನ್ನು ಅಚ್ಚುಹಾಕಿದವನು ಬೆಂಜಮಿನ್ ಫ್ರಾಂಕ್ಲಿನ್. ಮೇಣಬತ್ತಿ ಮಾಡುವವನ ಮಗನಾದ ಈತನು ಎರಡೇ ವರ್ಷ ಶಾಲೆ ಕಲಿತು, ಮುದ್ರಕನಾಗಿ, ವಿಜ್ಞಾನಿಯಾಗಿ, ರಾಜಕಾರಣಿಯಾಗಿ ಮೇಲೇರಿದನು. ವಿಟ್‌ಫೀಲ್ಡನ ಮತವನ್ನು ಆತನು ಒಪ್ಪಲಿಲ್ಲ. ಆದರೂ ಅವರ ಸ್ನೇಹವು ಕೊನೆಯವರೆಗೂ ಉಳಿಯಿತು.

ಆದರೆ ಆ ಜಾಗೃತಿಗೊಂದು ಮೇರೆಯೂ ಇದ್ದಿತು. ದೇವರ ಮುಂದೆ ಎಲ್ಲ ಆತ್ಮಗಳೂ ಸಮಾನವೆಂದು ಸಾರಿದ ವಿಟ್‌ಫೀಲ್ಡನೇ ಜಾರ್ಜಿಯಾದಲ್ಲಿ ಗುಲಾಮಗಿರಿಗೆ ಕಾನೂನಿನ ಒಪ್ಪಿಗೆ ಬೇಕೆಂದು ವಾದಿಸಿದನು. 1751ರಲ್ಲಿ ಅಲ್ಲಿಯ ನಿಷೇಧವು ತೊಲಗಿತು. ಉಪದೇಶವು ಗುಲಾಮನ ಕಿವಿಯನ್ನು ಮುಟ್ಟಿತು; ಅವನ ಸಂಕೋಲೆಯನ್ನು ಮುಟ್ಟಲಿಲ್ಲ.

ಈ ಅಳತೆಗೋಲನ್ನು ಮಲಪ್ರಭೆಯ ಸೀಮೆಗೂ ಹಿಡಿಯಬೇಕಲ್ಲವೇ? ಹೊಲವುಳ್ಳ ಮನೆಯವನೂ ಅಂಗಡಿಯುಳ್ಳ ಮನೆಯವನೂ ಮಗನನ್ನು ಬಾಗಲಕೋಟೆಗೆ, ಧಾರವಾಡಕ್ಕೆ ಕಳಿಸಬಲ್ಲವರಾದರು. ನೇಕಾರನ ಮನೆಯ ಲೆಕ್ಕವೇ ಬೇರೆ. ಅಲ್ಲಿ ಗಂಡಸು ಮಗ್ಗದಲ್ಲಿ ಕುಳಿತರೆ ಹೆಂಗಸು ಹಾಸನ್ನು ಸಿದ್ಧಮಾಡಬೇಕು, ಮಕ್ಕಳು ಕಂಡಿಕೆ ಸುತ್ತಬೇಕು. ಒಂದು ಸೀರೆಯ ಹಿಂದೆ ಮನೆಯ ಎಲ್ಲ ಕೈಗಳೂ ಇರುತ್ತವೆ. ಹುಡುಗನು ಶಾಲೆಗೆ ಹೋದರೆ ಮಗ್ಗಕ್ಕೆ ಒಂದು ಕೈ ಕಡಿಮೆ. ಪ್ರಸಾದನಿಲಯವು ಅವನ ಊಟದ ಚಿಂತೆಯನ್ನು ನೀಗಿಸಿತು. ಮನೆಯಲ್ಲಿ ನಿಂತ ಕೆಲಸಕ್ಕೆ ಯಾರೂ ಕೂಲಿ ಕೊಡಲಿಲ್ಲ. ಹೆಣ್ಣುಮಕ್ಕಳ ಸರದಿ ಇನ್ನೂ ತಡವಾಗಿ ಬಂದಿತು. ಮಾದಾರ ಚೆನ್ನಯ್ಯನ ವಚನವನ್ನು ಆದರದಿಂದ ಓದಿದ ಊರುಗಳಲ್ಲಿಯೇ ಅವನ ಕೇರಿಯವರು ಬಾವಿಯಿಂದ ದೂರ ನಿಲ್ಲಬೇಕಾಗಿದ್ದಿತು.

ಇದರಿಂದ ಆ ಹಿರಿಯರ ಪರಿಶ್ರಮದ ಬೆಲೆಯು ಕಡಿಮೆಯಾಗಲಾರದು. ಕುಮಾರಸ್ವಾಮಿಗಳೂ ಹಳಕಟ್ಟಿಯವರೂ ಇಲ್ಲದಿದ್ದರೆ ಈ ಸೀಮೆಯ ಅಕ್ಷರದ ಚರಿತ್ರೆಯು ಎಷ್ಟು ಬಡವಾಗುತ್ತಿತ್ತೆಂಬುದು ವಾಚಕರಿಗೆ ವಿದಿತವೇ ಇದೆ. ಆದರೆ ಅವರು ಅಚ್ಚುಹಾಕಿಸಿದ ಮಾತುಗಳೇ ಅವರ ಕಾರ್ಯಕ್ಕೂ ತಕ್ಕಡಿಯಾಗಿವೆ. ಕಾಯಕವು ಪೂಜ್ಯವೆಂದು ಒಪ್ಪಿದ ಸಮಾಜವು ಕಾಯಕಮಾಡುವವನ ಮಕ್ಕಳಿಗೆ ಬಿಡುವನ್ನೂ ವಿದ್ಯೆಯನ್ನೂ ಸಮನಾಗಿ ಒದಗಿಸುವ ಹೊಣೆಯನ್ನೂ ಹೊರಬೇಕಾಗುತ್ತದೆ. ಧರ್ಮವು ಜಾಗೃತವಾಯಿತೋ ಇಲ್ಲವೋ ಎಂಬುದಕ್ಕೆ ಮಠದ ಶಿಖರಕ್ಕಿಂತ ಕಮತಗಿಯ ಮಗ್ಗದ ಕುಣಿಯೇ ಹೆಚ್ಚು ಸತ್ಯವಾದ ಸಾಕ್ಷಿ.