ಹಾವಿನ ಮನೆ: ಬುಟ್ಟಿಯಿಂದ ಮಡಕೆಯವರೆಗೆ

ಮಾಲೂರು ಸೀಮೆಯ ಹೆಂಚು, ಇಟ್ಟಿಗೆಗಳನ್ನು ಕುರಿತ ಚಿತ್ರೀಕರಣಕ್ಕಾಗಿ ನಮ್ಮ ತಂಡ ಲಕ್ಕೂರಿನ ಕಡೆ ಹೋಗಿತ್ತು. ಕ್ಯಾಮೆರಾ ಕಟ್ಟಿಡುವ ಹೊತ್ತಿಗೆ ಪಿ.ಯು.ಸಿ. ಓದುವ ಹುಡುಗನೊಬ್ಬ ಹತ್ತಿರ ಬಂದು, "ಸಾರ್, ನಾನೊಂದು ಹಾವು ಸಾಕಿದೀನಿ, ನೋಡ್ತೀರಾ?" ಎಂದ. ಮನೆಯ ಹಿತ್ತಲಿನಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟು. ಅದರ ಬಾಯಿಗೆ ತೂತು ಕೊರೆದ ತಟ್ಟೆ, ತಟ್ಟೆಯ ಮೇಲೊಂದು ಇಟ್ಟಿಗೆ. ಒಳಗೆ ಒಂದು ಹಿಡಿ ಮರಳಿನ ಮೇಲೆ ನಮ್ಮ ಕಡೆ ಎರಡು ತಲೆ ಹಾವು ಎಂದು ಕರೆಯುವ ಮಣ್ಣುಮುಕ್ಕ ಸುರುಳಿ ಸುತ್ತಿ ಮಲಗಿತ್ತು. ಅದು ಅದೃಷ್ಟ ತರುತ್ತದೆಂದು ಹುಡುಗನ ಅಜ್ಜಿಯ ನಂಬಿಕೆ. ಹುಡುಗನಿಗೆ ಅದೃಷ್ಟದ ಚಿಂತೆಯಿರಲಿಲ್ಲ. "ಇದಕ್ಕೆ ಸರಿಯಾದ ಮನೆ ಮಾಡೋದು ಹೇಗೆ ಸಾರ್?" ಎಂಬುದೇ ಅವನ ಪ್ರಶ್ನೆ.

ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ಉತ್ತರ ಹುಡುಕುತ್ತಾ ಮನುಷ್ಯ ಬಹಳ ದೂರ ನಡೆದಿದ್ದಾನೆ.

ನಮಗೆಲ್ಲ ಪರಿಚಿತವಾದ ಹಾವಿನ ಮನೆಯೆಂದರೆ ಹಾವಾಡಿಗನ ಬಿದಿರಿನ ಬುಟ್ಟಿ. ಹೆಗಲಿಗೆ ಹಗುರ, ಗಾಳಿಯಾಡುತ್ತದೆ, ಮುಚ್ಚಳ ಬಿಗಿ. ಹೊತ್ತು ತಿರುಗುವವನ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಪೆಟ್ಟಿಗೆಯಿಲ್ಲ. ಹಾವಿನ ದೃಷ್ಟಿಯಿಂದ ನೋಡಿದರೆ ಕಥೆಯೇ ಬೇರೆ. ಅದರ ವಿಷದ ಹಲ್ಲನ್ನು ಮುರಿದಿರುತ್ತಾರೆ, ಕೆಲವೊಮ್ಮೆ ಬಾಯನ್ನೇ ಹೊಲಿದಿರುತ್ತಾರೆ. ಆಹಾರವಿಲ್ಲದೆ ಬಾಯಾರಿದ ಹಾವು, ಮುಂದಿಟ್ಟದ್ದು ಹಾಲಾದರೂ ಕುಡಿದೀತು. ಅದನ್ನು ನೋಡಿ ಹಾವಿಗೆ ಹಾಲು ಪ್ರಿಯವೆಂದು ನಾವು ನಂಬಿಬಿಟ್ಟೆವು.

ಹಾವು ಮುಂತಾದ ಸರೀಸೃಪಗಳಿಗೆಂದೇ ಮೀಸಲಾದ ಜಗತ್ತಿನ ಮೊದಲ ಪ್ರದರ್ಶನ ಭವನ ಲಂಡನ್ ಮೃಗಾಲಯದಲ್ಲಿ 1849ರಲ್ಲಿ ತೆರೆಯಿತು. ಗಾಜಿನ ಮುಖವುಳ್ಳ ಗೂಡುಗಳು, ಒಳಗೆ ಬೆಚ್ಚನೆಯ ಹವೆ, ಹೊರಗೆ ಜನಜಂಗುಳಿ. ಗಾಜು ಗಟ್ಟಿಯಾಗಿಯೇ ಇತ್ತು. ಆದರೆ 1852ರ ಅಕ್ಟೋಬರ್‌ನಲ್ಲಿ ಗರ್ಲಿಂಗ್ ಎಂಬ ಪಾಲಕ ರಾತ್ರಿಯೆಲ್ಲ ಕುಡಿದು ಬೆಳಗ್ಗೆ ಕೆಲಸಕ್ಕೆ ಬಂದವನು, ಸಂಗಡಿಗರ ಮುಂದೆ ನಾಗರಹಾವನ್ನು ಹೊರತೆಗೆದ. ಅದು ಅವನ ಮೂಗಿಗೆ ಕಚ್ಚಿತು. ಆಸ್ಪತ್ರೆಗೆ ಸೇರಿಸಿದರೂ ಆತ ಉಳಿಯಲಿಲ್ಲ. ಆಗ ಹಾವಿನ ವಿಷಕ್ಕೆ ಔಷಧವೇ ಇರಲಿಲ್ಲ. ಹಾವಿನ ಗೂಡಿನ ಭದ್ರತೆ ಗಾಜಿನಲ್ಲಷ್ಟೇ ಇಲ್ಲ, ಬಾಗಿಲು ತೆರೆಯುವ ಕೈಯಲ್ಲೂ ಇದೆ.

ಆ ಔಷಧದ ಕಥೆಯೂ ಒಂದು ಪೀಪಾಯಿಯಿಂದಲೇ ಶುರುವಾಗುತ್ತದೆ. 1891ರಲ್ಲಿ ವಿಯೆಟ್ನಾಂನ ಹಳ್ಳಿಯೊಂದಕ್ಕೆ ನೆರೆಯ ಜೊತೆ ನಾಗರಹಾವುಗಳು ನುಗ್ಗಿ ಅನೇಕರನ್ನು ಕಚ್ಚಿದವು. ಅಲ್ಲಿ ಹಿಡಿದ ಹಾವುಗಳನ್ನು ಪೀಪಾಯಿಯೊಂದರಲ್ಲಿ ತುಂಬಿ ಸೈಗಾನ್‌ನಲ್ಲಿದ್ದ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ಅವರಿಗೆ ಕಳುಹಿಸಲಾಯಿತು. ಆ ವಿಷದ ಅಧ್ಯಯನದಿಂದ ಮುಂದೆ, 1895ರ ವೇಳೆಗೆ, ಪ್ರತಿವಿಷ ಸಿದ್ಧವಾಯಿತು. ಅದರ ತತ್ತ್ವ ಇಂದಿಗೂ ಬದಲಾಗಿಲ್ಲ. ಕುದುರೆಗೆ ಅತ್ಯಲ್ಪ ಪ್ರಮಾಣದಲ್ಲಿ ವಿಷ ಚುಚ್ಚುತ್ತಾ ಹೋದರೆ ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಅವನ್ನು ಬೇರ್ಪಡಿಸಿದರೆ ಔಷಧ.

ಈ ಔಷಧಕ್ಕೆ ವಿಷ ಬೇಕು, ವಿಷಕ್ಕೆ ಜೀವಂತ ಹಾವು ಬೇಕು. ಇಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಬ್ರೆಜಿಲ್‌ನ ವಿಟಾಲ್ ಬ್ರಜಿಲ್ ಎಂಬ ವೈದ್ಯರ ಉಪಾಯ. ಒಂದು ಜಾತಿಯ ಹಾವಿನ ವಿಷಕ್ಕೆ ಮಾಡಿದ ಔಷಧ ಇನ್ನೊಂದು ಜಾತಿಗೆ ನಾಟದು ಎಂದು ತೋರಿಸಿದವರಲ್ಲಿ ಅವರೂ ಒಬ್ಬರು. ಸಾವೊ ಪಾವ್ಲೊದ ಬುಟಾಂಟನ್ ಸಂಸ್ಥೆಯಿಂದ ಅವರು ರೈತರಿಗೆ ಮರದ ಪೆಟ್ಟಿಗೆಗಳನ್ನೂ ಹಾವು ಹಿಡಿಯುವ ಕುಣಿಕೆಯ ಕೋಲುಗಳನ್ನೂ ಹಂಚಿದರು. ರೈತ ಹೊಲದಲ್ಲಿ ಸಿಕ್ಕ ಹಾವನ್ನು ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ಖರ್ಚಿಲ್ಲದೆ ಕಳುಹಿಸಬಹುದು, ಬದಲಿಗೆ ಅವನಿಗೆ ಪ್ರತಿವಿಷ ಬರುತ್ತದೆ. ಹಾವು ಕಂಡರೆ ದೊಣ್ಣೆ ಹುಡುಕುತ್ತಿದ್ದ ಕೈ ಪೆಟ್ಟಿಗೆ ಹುಡುಕತೊಡಗಿತು.

ನಮ್ಮ ದೇಶದ ಪೆಟ್ಟಿಗೆ ಮಣ್ಣಿನದು. ಅದನ್ನು ನೋಡಲು ಲಕ್ಕೂರಿನಿಂದ ಗಡಿ ದಾಟಿ ತಮಿಳುನಾಡಿನ ಪೂರ್ವ ಕರಾವಳಿಗೆ ಹೋಗಬೇಕು. ಅಲ್ಲಿನ ಇರುಳರು ಹಿಂದೆ ಚರ್ಮದ ವ್ಯಾಪಾರಿಗಳಿಗಾಗಿ ಹಾವು ಹಿಡಿಯುತ್ತಿದ್ದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ ಹಿಂದೆಯೇ 1976ರಲ್ಲಿ ಹಾವಿನ ಚರ್ಮದ ರಫ್ತಿಗೆ ಬಿದ್ದ ನಿಷೇಧ, ಇವುಗಳಿಂದ ಅವರ ಅನ್ನ ಹೋಯಿತು. ಮದರಾಸಿನ ಹಾವಿನ ಉದ್ಯಾನವನ್ನು ಸ್ಥಾಪಿಸಿದ ರೋಮುಲಸ್ ವಿಟೇಕರ್ ಅವರ ಪ್ರಯತ್ನದಿಂದ 1978ರಲ್ಲಿ ಇರುಳರದೇ ಒಂದು ಸಹಕಾರ ಸಂಘ ಹುಟ್ಟಿತು. ಕೊಲ್ಲಲು ಹಿಡಿಯುತ್ತಿದ್ದ ಹಾವನ್ನು ಈಗ ವಿಷ ತೆಗೆದು ಬಿಡಲು ಹಿಡಿಯುತ್ತಾರೆ. ವಡನೆಮ್ಮೇಲಿಯಲ್ಲಿರುವ ಅವರ ಕೇಂದ್ರದಲ್ಲಿ ಹಾವುಗಳಿರುವುದು ಮಡಕೆಗಳಲ್ಲಿ. ಮಡಕೆಯೊಳಗೆ ಮರಳು, ಬಾಯಿಗೆ ಬಟ್ಟೆ, ಬಟ್ಟೆಯ ಸುತ್ತ ಬಿಗಿದ ದಾರ. ಕೆಲವು ವಾರಗಳಲ್ಲಿ ಮೂರು ನಾಲ್ಕು ಸಲ ವಿಷ ತೆಗೆದ ಮೇಲೆ ಹಾವನ್ನು ಕಾಡಿಗೆ ಬಿಡುತ್ತಾರೆ.

ವಿಜ್ಞಾನದ ವಿದ್ಯಾರ್ಥಿಯಾದವನು ಈ ಮಡಕೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹಾವು ತನ್ನ ದೇಹದ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಲಿಗೂ ನೆರಳಿಗೂ ಓಡಾಡಿಯೇ ಅದನ್ನು ಸರಿದೂಗಿಸಿಕೊಳ್ಳಬೇಕು. ಸುತ್ತಲೂ ಒಂದೇ ಸಮನೆ ಕಾದ ಪೆಟ್ಟಿಗೆಯಲ್ಲಿ ಅದು ಓಡುವುದಾದರೂ ಎಲ್ಲಿಗೆ? ಮಡಕೆಯ ಸೂಕ್ಷ್ಮ ರಂಧ್ರಗಳಿಂದ ತೇವ ಆವಿಯಾಗುವಾಗ ಒಳಗೆ ತಂಪಾಗುತ್ತದೆ, ನಮ್ಮ ನೀರಿನ ಮಡಕೆಯಂತೆಯೇ. ಒಳಗಿನ ಕತ್ತಲೆ ಬಿಲದ ಕತ್ತಲೆ, ಅಡಗಲು ಸಿಕ್ಕ ಹಾವು ಗಾಬರಿಯಾಗದು. ನುಣುಪಾದ ಒಳಗೋಡೆಯನ್ನು ಹತ್ತುವುದು ಕಷ್ಟ. ಬಟ್ಟೆಯಿಂದ ಗಾಳಿ ಬರುತ್ತದೆ, ಹಾವು ಹೊರಗೆ ಬಾರದು. ಹಾವು ಸಾಕಲು ಕಾನೂನು ಅವಕಾಶ ಕೊಡುವ ವಿದೇಶಗಳಲ್ಲಿ ಗಾಜಿನ ಪೆಟ್ಟಿಗೆಯ ಒಂದು ತುದಿಯನ್ನು 30 ಡಿಗ್ರಿಯಷ್ಟು ಬೆಚ್ಚಗೆ, ಇನ್ನೊಂದನ್ನು ನಾಲ್ಕೈದು ಡಿಗ್ರಿ ತಂಪಾಗಿ ಇಟ್ಟು, ಅಡಗುದಾಣ, ನೀರಿನ ಬಟ್ಟಲು, ಬೀಗ ಎಲ್ಲವನ್ನೂ ಜೋಡಿಸುತ್ತಾರೆ. ಅದು ವರ್ಷಗಟ್ಟಲೆ ಇರುವ ಮನೆ, ಇದು ಕೆಲವು ವಾರಗಳ ಬಿಡಾರ. ಆದರೂ ಲೆಕ್ಕಾಚಾರ ಒಂದೇ.

ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಈ ಮಡಕೆಗಳಿಂದಲೇ ಬಂದಿದೆ. ಕೋಲಾರ ಜಿಲ್ಲೆಯಲ್ಲಿ ಹಾವು ಕಚ್ಚಿ ಆಸ್ಪತ್ರೆಗೆ ಬಂದವನ ಪ್ರಾಣವೂ ಈ ಮಡಕೆಗಳಿಗೆ ಅಂಟಿಕೊಂಡಿದೆ. ಆದರೆ ಒಂದು ತೊಡಕಿದೆ. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಒಂದೇ ಕರಾವಳಿಯ ಮಡಕೆಗಳನ್ನು ಇಡೀ ದೇಶ ನಂಬಿದರೆ ಸಾಲದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿದ್ದು ಒಳ್ಳೆಯ ಹೆಜ್ಜೆ. ಎಲ್ಲಿ ಎಷ್ಟು ಜನರಿಗೆ ಕಚ್ಚುತ್ತಿದೆ ಎಂದು ತಿಳಿಯದೆ ಔಷಧವನ್ನು ಎಲ್ಲಿಗೆ ಕಳುಹಿಸುವುದು?

ಹುಡುಗನ ಬಕೆಟ್ಟಿಗೆ ಮರಳೋಣ. ಪ್ಲಾಸ್ಟಿಕ್ ಬೆವರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಅದು ಕುಲುಮೆಯಾಗಿತ್ತು. ಮಣ್ಣಿನೊಳಗೆ ಹುದುಗಿ ಬದುಕುವ ಜೀವಿಗೆ ಒಂದು ಹಿಡಿ ಮರಳು ಯಾವ ಮೂಲೆಗೆ? ಇದನ್ನೆಲ್ಲ ಹೇಳಿದ ಮೇಲೆ ಅವನಿಗೆ ಬೇಡವಾಗಿದ್ದ ಮಾತನ್ನೂ ಹೇಳಬೇಕಾಯಿತು. 1972ರ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಹಾವನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಾವುಗಳನ್ನು ಇಟ್ಟುಕೊಂಡವರೂ 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಎರಡು ತಲೆ ಹಾವಿನ ವಿಷಯದಲ್ಲಂತೂ ಅದೃಷ್ಟದ ಹೆಸರಿನಲ್ಲಿ ಕಳ್ಳ ವ್ಯಾಪಾರವೇ ನಡೆಯುತ್ತದೆ. ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂದು ಹಬ್ಬಿಸಿ ಎಷ್ಟೋ ಜನರಿಗೆ ಟೋಪಿ ಹಾಕಿದ್ದಾರೆ.

ಅಜ್ಜಿ ಗೊಣಗಿದರು. "ಮನೇಲಿದ್ರೆ ಏನಾಗ್ತದಪ್ಪ, ಅದರ ಪಾಡಿಗೆ ಅದು ಬಿದ್ದಿರ್ತದೆ." ಇಲಿ ತಿನ್ನುವ ಹಾವು ಬಕೆಟ್ಟಿಗಿಂತ ರಾಗಿ ಹೊಲದಲ್ಲಿದ್ದರೇ ಅವರಿಗೂ ಲಾಭವೆಂದು ಹುಡುಗನೇ ಅವರನ್ನು ಒಪ್ಪಿಸಿದ. ಸಂಜೆ ಅರಣ್ಯ ಇಲಾಖೆಯವರು ಬಂದರು. ಹೊತ್ತು ಮುಳುಗಿದ ಮೇಲೆ ಊರಾಚೆಯ ಸಡಿಲ ಮಣ್ಣಿನಲ್ಲಿ ಅದನ್ನು ಬಿಟ್ಟರು. ಎರಡೂ ತುದಿ ಮೊಂಡಾಗಿ ಒಂದೇ ತೆರನಾಗಿದ್ದ ಹಾವು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಒಂದು ತುದಿ ನೆಲಕ್ಕೆ ಇಳಿಯಿತು, ಮೈ ಅದರ ಹಿಂದೆ ಜಾರಿತು.

ಹುಡುಗ ಟಾರ್ಚ್ ಆರಿಸಿ ಹೇಳಿದ: "ತಲೆ ಯಾವ ಕಡೆ ಅಂತ ಇವತ್ತು ಗೊತ್ತಾಯ್ತು ಸಾರ್."